ಕಾಲ್ ಬಂದರೆ ಕೈ ನಡುಗುತ್ತದೆ, ಡಾಕ್ಟ್ರೇ

ಪ್ರಶ್ನೆ: ಬದಿಯಡ್ಕ ಕಡೆಯವನು, ವಯಸ್ಸು 24. ಕಣ್ಣೂರಿನ ಹುಡುಗಿಯೊಬ್ಬಳ ಜೊತೆ ಎಂಟು ತಿಂಗಳಿಂದ ರಾತ್ರಿ ಎರಡರವರೆಗೂ ಚಾಟ್ ಮಾಡುತ್ತೇನೆ. ಅವಳು ಕಾಲ್ ಮಾಡಿದರೆ ಮಾತ್ರ ರಿಂಗ್ ನಿಲ್ಲುವವರೆಗೂ ಫೋನ್ ನೋಡುತ್ತಾ ಕೂರುತ್ತೇನೆ. ಓದಿದ್ದು ಕನ್ನಡ ಮೀಡಿಯಂ, ನನ್ನ ಮಲಯಾಳಂ ಕೇಳಿ ನಕ್ಕರೆ? ಹೆದರಿಕೆ ಹೋದ ಮೇಲೆ ಭೇಟಿಯಾದರೆ ಸಾಕಲ್ಲವೇ?

ಉತ್ತರ: 'ಹೆದರಿಕೆ ಹೋದ ಮೇಲೆ' ಎಂಬ ಮಾತನ್ನು ಎಷ್ಟು ಪತ್ರಗಳಲ್ಲಿ ಓದುವುದು ಮಾರಾಯ್ರೇ! ಕಾಯುತ್ತಾ ಕೂತರೆ ಅದು ಹೋಗುವುದಿಲ್ಲ. ಕಾಲ್ ಎತ್ತದಿದ್ದಾಗ ಎದೆ ಹಗುರಾಗುತ್ತದಲ್ಲ, ಅದೇ ಹೆದರಿಕೆಗೆ ಗೊಬ್ಬರ. ಚಾಟಿನಲ್ಲಿ ಧೈರ್ಯ ಬಂದಂತೆ ಕಾಣುವುದು ಬರೆದು ಅಳಿಸಲು ಸಮಯ ಸಿಗುವುದರಿಂದ.

ಮೊದಲು 30 ಸೆಕೆಂಡಿನ ವಾಯ್ಸ್ ಮೆಸೇಜ್, ದಿನಕ್ಕೊಂದು. ಒಂದೇ ಸಲಕ್ಕೆ ಮಾತಾಡಿ, ತಿರುಗಿ ಕೇಳದೆ ಕಳಿಸಿ. ಡಿಲೀಟ್ ಮಾಡಿ ಮತ್ತೆ ರೆಕಾರ್ಡ್ ಮಾಡಿದಿರೋ, ಆ ದಿನದ ಅಭ್ಯಾಸ ನೀರಲ್ಲಿ ಹೋಮ. ಪ್ರತಿ ಸಲ ಹೆದರಿಕೆಗೆ ನೂರರಲ್ಲಿ ಅಂಕ ಕೊಟ್ಟು ಬರೆದಿಡಿ. 80 ಇದ್ದದ್ದು 40ಕ್ಕೆ ಇಳಿದ ಮೇಲೆ ಐದು ನಿಮಿಷದ ಕಾಲ್. ನೀವೇ ಮಾಡಬೇಕು, ಕೈಯಲ್ಲಿ ಚೀಟಿ ಇರಬಾರದು. ಬೇಕೆಂದೇ ಒಂದು ತಪ್ಪು ಮಾಡಿ: 'ಮೞ' ಎನ್ನುವಲ್ಲಿ 'ಮಲ' ಎನ್ನಿ. ಮಳೆ ಹೋಗಿ ಬೆಟ್ಟವಾಗುತ್ತದೆ, ಆಗಲಿ. (ಕನ್ನಡದಲ್ಲಿ ಏನಾಗುತ್ತದೆಂದು ಆಮೇಲೆ ಹೇಳಿ, ಇಬ್ಬರೂ ನಗಬಹುದು.) ಆಗ ಅವಳೇನು ಹೇಳಿದಳು ಎಂಬುದಕ್ಕೆ ಕಿವಿಗೊಡಿ, ನಿಮ್ಮ ಎದೆಬಡಿತ ಎಣಿಸಬೇಡಿ.

ವಿಡಿಯೋ ಕಾಲಿನಲ್ಲಿ ಮೂಲೆಯಲ್ಲಿ ಕಾಣುವ ನಿಮ್ಮದೇ ಮುಖದ ಮೇಲೆ ಕಾಗದದ ಚೂರು ಅಂಟಿಸಿ. ಅದನ್ನೇ ನೋಡುತ್ತಿದ್ದರೆ ಬೆವರು ಹೆಚ್ಚುತ್ತದೆ. ವಿಡಿಯೋದಲ್ಲಿ ನೋಡದೆ ಭೇಟಿಗೆ ಹೋಗಲೇಬೇಡಿ. ಮೊದಲ ಭೇಟಿ ಹಗಲು ಹೊತ್ತು, ಜನರಿರುವ ಹೋಟೆಲಿನಲ್ಲಿ, 45 ನಿಮಿಷ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಧೈರ್ಯಕ್ಕೆಂದು ಕುಡಿದು ಹೋದರೆ ಮುಂದಿನ ಸಲವೂ ಕುಡಿಯಬೇಕಾಗುತ್ತದೆ. ಬಂದ ಮೇಲೆ 'ಹಾಗ್ಯಾಕೆ ಹೇಳಿದೆ' ಎಂದು ಹಳೇ ಚಾಟ್ ಕೆದಕುವುದೂ ಬೇಡ.

ಆರು ವಾರವಾದರೂ ಅಂಕ ಇಳಿಯದಿದ್ದರೆ, ಕೆಲಸದ ಇಂಟರ್‌ವ್ಯೂಗಳನ್ನೂ ತಪ್ಪಿಸಿಕೊಳ್ಳುತ್ತಿದ್ದರೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಮಾಡಿಸಿಕೊಳ್ಳುವುದು ಮುಂದಿನ ದಾರಿ.

ಪ್ರಶ್ನೆ: ಇಂಟರ್‌ವ್ಯೂಗೆ ಮೊದಲು ಗೆಳೆಯ ಕೊಟ್ಟ, ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಮಾತ್ರೆ ನುಂಗಬಹುದೇ?
ಉತ್ತರ: ಬೇಡ. ಅಸ್ತಮಾ ಇದ್ದವರಿಗೆ ಅದು ಉಸಿರಿಗೇ ಕುತ್ತು.

ಪ್ರಶ್ನೆ: 21 ದಿನದಲ್ಲಿ ನಾಚಿಕೆ ಬಿಡಿಸುವ ಹಿಪ್ನಾಟಿಸಂ ಕೋರ್ಸ್ ಹೇಗೆ?
ಉತ್ತರ: ದುಡ್ಡು ಬಿಡಿಸುವುದಂತೂ ಖಂಡಿತ.

ಪ್ರಶ್ನೆ: ಆನ್‌ಲೈನ್ ಗೆಳತಿ ವಿಡಿಯೋಗೆ ಬರುವುದಿಲ್ಲ, ಅಮ್ಮನ ಆಪರೇಷನ್‌ಗೆ 8,000 ರೂ. ಕೇಳುತ್ತಿದ್ದಾಳೆ.
ಉತ್ತರ: ಕೊಡಬೇಡಿ. ಕೊಟ್ಟಾಗಿದ್ದರೆ ಪೇಪರ್ ಮಡಚಿಟ್ಟು ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.