ನಾನು ನೋಡಿದ ಬಿಪಿಗೂ ಡಾಕ್ಟರು ನೋಡಿದ ಬಿಪಿಗೂ ಇಷ್ಟು ವ್ಯತ್ಯಾಸ ಯಾಕೆ?

ಫಿಜಿಷಿಯನ್ ಅಸಿಸ್ಟೆಂಟ್ ಆಗಿ ಓಪಿಡಿಗೆ ಹೊಸದಾಗಿ ಸೇರಿದ್ದೀರಿ. ನೀವು ಚೀಟಿಯಲ್ಲಿ 156/94 ಬರೆದು ಕಳಿಸಿದ ರೋಗಿಗೆ ಒಳಗೆ ಡಾಕ್ಟರು ನೋಡಿದಾಗ 138/84 ಬರುತ್ತಿದೆ. ತಪ್ಪು ಕೈಯದೋ ಯಂತ್ರದ್ದೋ ಎಂದು ಕೇಳಿದ್ದೀರಿ. ಇಂಥ ಕಡೆ ನಾನು ಮೊದಲು ಅನುಮಾನಿಸುವುದು ನಿಮ್ಮ ಮೇಜಿನ ಪಕ್ಕದ ಸ್ಟೂಲನ್ನು.

ಸ್ಟೂಲಿಗೆ ಬೆನ್ನಾಸರೆ ಇಲ್ಲ. ಅರ್ಧ ಗಂಟೆ ಸಾಲಿನಲ್ಲಿ ನಿಂತವರು ಹೆಸರು ಕೂಗಿದೊಡನೆ ಬಂದು ಕೂರುತ್ತಾರೆ, ಕೈ ತೊಡೆಯ ಮೇಲೆ, ಬಾಯಲ್ಲಿ ಮಂಡಿನೋವಿನ ವಿಷಯ. ಈ ಒಂದೊಂದೂ ಬಿಪಿಯನ್ನು ಮೇಲಕ್ಕೇ ತಳ್ಳುತ್ತದೆ. ಕಫ್ (ರಟ್ಟೆಗೆ ಸುತ್ತಿ ಗಾಳಿ ತುಂಬುವ ಪಟ್ಟಿ) ಕಟ್ಟಿದ ಜಾಗ ಹೃದಯದ ಮಟ್ಟದಿಂದ 10 ಸೆಂ.ಮೀ. ಕೆಳಗಿದ್ದರೆ ಅಷ್ಟು ಎತ್ತರದ ರಕ್ತದ ಭಾರವೇ 7–8 ಮಿ.ಮೀ. (ಬಿಪಿ ಅಳೆಯುವ ಪಾದರಸದ ಮಿ.ಮೀ.) ಸೇರಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಜಿನ ಮೇಲೆ ಇಟ್ಟ ಕೈಗೆ ಹೋಲಿಸಿದರೆ ತೊಡೆಯ ಮೇಲಿಟ್ಟ ಕೈಯಲ್ಲಿ ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕ) ಸುಮಾರು 4, ಪಕ್ಕಕ್ಕೆ ಇಳಿಬಿಟ್ಟ ಕೈಯಲ್ಲಿ 6.5 ಹೆಚ್ಚು ಬಂತು. ಇಂಥ ಎರಡು ಮೂರು ತಪ್ಪು ಕೂಡಿದರೆ ನಿಮ್ಮ 18 ಮಿ.ಮೀ. ವ್ಯತ್ಯಾಸಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಾಗಾಗಿ ಸ್ಟೂಲ್ ತೆಗೆದು ಬೆನ್ನಿರುವ ಕುರ್ಚಿ ಹಾಕಿಸಿ. ಬೆನ್ನು ಒರಗಿರಲಿ, ಪಾದ ಎರಡೂ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ರಟ್ಟೆ ಎದೆಯ ಮಧ್ಯದ ಮಟ್ಟಕ್ಕೆ ಬರುವಂತೆ ಕೈ ಮೇಜಿನ ಮೇಲೆ ಇಡಿಸಿ. ಮೇಜು ತಗ್ಗಾಗಿದ್ದರೆ ಒಂದು ಮಡಿಸಿದ ಟವೆಲ್ ಸಾಕು. ಐದು ನಿಮಿಷ ಸುಮ್ಮನೆ ಕೂರಲಿ. ಜನಸಂದಣಿಯಲ್ಲಿ ಐದು ನಿಮಿಷ ಎಲ್ಲಿಂದ ತರುವುದು ಎನ್ನುತ್ತೀರಿ. ಮುಂದಿನ ಇಬ್ಬರನ್ನು ಮೊದಲೇ ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿಟ್ಟರೆ ಆ ಸಮಯ ತಾನಾಗಿ ಸಿಗುತ್ತದೆ. ಮೂತ್ರಕ್ಕೆ ಹೋಗಬೇಕಿದ್ದರೆ ಹೋಗಿಬರಲಿ. ಕಾಫಿ, ಬೀಡಿ ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಬೇಕು. ಕಫ್ ಉಬ್ಬುವಾಗ ರೋಗಿಯೂ ಮಾತಾಡಬಾರದು, ನೀವೂ ಪ್ರಶ್ನೆ ಕೇಳಬಾರದು.

ಕಫ್‌ನ ಅಳತೆ ಇನ್ನೂ ದೊಡ್ಡ ವಿಷಯ. ಮೇಜಿನ ಡ್ರಾಯರಿನಲ್ಲಿ ಒಂದು ಟೈಲರ್ ಟೇಪ್ ಇಟ್ಟುಕೊಳ್ಳಿ. ಭುಜದ ಮೂಳೆಯ ತುದಿಗೂ ಮೊಣಕೈಗೂ ನಟ್ಟನಡುವೆ ರಟ್ಟೆಯ ಸುತ್ತಳತೆ ತೆಗೆಯಿರಿ. ಡಿಜಿಟಲ್ ಯಂತ್ರದ ಜೊತೆ ಬರುವ ಮಾಮೂಲಿ ಕಫ್ ಹೆಚ್ಚಾಗಿ 22–32 ಸೆಂ.ಮೀ.ಗೆ ಮಾತ್ರ, ಅದರ ಮೇಲೆಯೇ ಅಚ್ಚಾಗಿರುತ್ತದೆ, ನೋಡಿ. ರಟ್ಟೆ 36 ಇದ್ದವರಿಗೆ ಅದನ್ನೇ ಬಿಗಿದು ಕಟ್ಟಿದರೆ ರೀಡಿಂಗ್ ಸುಳ್ಳಾಗಿ ಏರುತ್ತದೆ. 2023ರ ಒಂದು ಅಧ್ಯಯನದಲ್ಲಿ ದೊಡ್ಡ ಕಫ್ ಬೇಕಿದ್ದವರಿಗೆ ಮಾಮೂಲಿ ಕಫ್ ಹಾಕಿದಾಗ ಸುಮಾರು 5, ಅತಿ ದೊಡ್ಡದು ಬೇಕಿದ್ದವರಿಗೆ ಸುಮಾರು 19.5 ಮಿ.ಮೀ. ಹೆಚ್ಚು ಬಂತು. ಸಣಕಲು ರಟ್ಟೆಗೆ ದೊಡ್ಡ ಕಫ್ ಕಟ್ಟಿದರೆ ಉಲ್ಟಾ, ಕಡಿಮೆ ತೋರಿಸುತ್ತದೆ. ಒಂದು ದೊಡ್ಡ ಕಫ್ ಕೊಡಿಸಿ ಎಂದು ಹಟ ಹಿಡಿದು ಕೇಳಿ.

ಕಫ್ ಬರಿ ಚರ್ಮದ ಮೇಲೇ ಇರಬೇಕು. ತುಂಬು ತೋಳಿನ ಶರ್ಟನ್ನು ಮೇಲಕ್ಕೆ ಮಡಚಿದರೆ ಅದು ರಟ್ಟೆಗೆ ಹಗ್ಗ ಬಿಗಿದಂತೆ ಕೂರುತ್ತದೆ. ಆ ತೋಳನ್ನು ಪೂರ್ತಿ ಬಿಚ್ಚಿಸಿ. ಬಿಗಿ ರವಿಕೆ ತೊಟ್ಟ ಹೆಂಗಸರು ಮುಜುಗರವಿಲ್ಲದೆ ತೋಳು ಬಿಚ್ಚಲು ಒಂದು ಪರದೆ ಇರಲೇಬೇಕು. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಯಿಂದ 2–3 ಸೆಂ.ಮೀ. ಮೇಲಿರಲಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಸಾಕು. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿದ ಕೈಗೆ ಕಫ್ ಕಟ್ಟಲೇಬೇಡಿ.

ಮುಳ್ಳಿನ ಬಿಪಿ ಅಪರೇಟಸ್ ಬಳಸುತ್ತಿದ್ದರೆ ಗಾಳಿ ಇಲ್ಲದಾಗ ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ನೋಡಿ. ಒಂದು ಬಾಟಲಿಗೆ ಕಫ್ ಸುತ್ತಿ 200ಕ್ಕೆ ಏರಿಸಿ ಬಿಡಿ. ನಿಮಿಷಕ್ಕೆ 4ಕ್ಕಿಂತ ಹೆಚ್ಚು ಇಳಿದರೆ ಟ್ಯೂಬೋ ವಾಲ್ವೋ ಸೋರುತ್ತಿದೆ. ರೋಗಿಯಲ್ಲಿ ಮೊದಲು ಮಣಿಕಟ್ಟಿನ ನಾಡಿ ಹಿಡಿದು, ಅದು ಮಾಯವಾದ ಅಂಕದಿಂದ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ 2–3 ಮಿ.ಮೀ. ಇಳಿಸಿ. ಈ ನಾಡಿಯ ಹಂತ ಬಿಟ್ಟರೆ, ಕೆಲವರಲ್ಲಿ ಸ್ಟೆತಸ್ಕೋಪಿನಲ್ಲಿ ಮೊದಲ ಶಬ್ದ ಕೇಳಿ, ನಡುವೆ ನಿಂತು, ಮತ್ತೆ ಶುರುವಾಗುವುದು ನಿಮಗೆ ಗೊತ್ತಾಗದೆ 180ರ ರೋಗಿಗೆ 150 ಬರೆದುಬಿಡುತ್ತೀರಿ. ಡಯಲ್‌ನ ಗೆರೆಗಳು ಎರಡೆರಡರ ಅಂತರದಲ್ಲಿರುತ್ತವೆ. ಮುಳ್ಳು ನೋಡಿ 135 ಎಂದು ಬರೆದಿದ್ದರೆ ಅದು ಅಂದಾಜು. ರಿಜಿಸ್ಟರಿನ ಪುಟ ತುಂಬ 130/80, 140/90 ಎಂದು ಸೊನ್ನೆಗೆ ಮುಗಿಯುವ ಅಂಕಗಳೇ ಇದ್ದರೂ ಅದು ಸರಿಯಾದ ಅಳತೆಯ ಲಕ್ಷಣವಲ್ಲ.

ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಎರಡಕ್ಕೂ 10ಕ್ಕಿಂತ ಹೆಚ್ಚು ಅಂತರವಿದ್ದರೆ ಮೂರನೆಯದು ತೆಗೆದು ಕೊನೆಯ ಎರಡರ ಸರಾಸರಿ ಹಿಡಿಯಿರಿ. ಮೊದಲ ಭೇಟಿಯಲ್ಲಿ ಎರಡೂ ಕೈ ನೋಡಿ, ಮುಂದೆ ಹೆಚ್ಚು ಬಂದ ಕೈಯನ್ನೇ ಬಳಸಿ. ಚೀಟಿಯಲ್ಲಿ "ಬಲಗೈ, ಕೂತು, ದೊಡ್ಡ ಕಫ್, 142/88, 138/86" ಎಂದು ಬರೆದರೆ ಡಾಕ್ಟರಿಗೆ ನಂಬಿಕೆ ಬರುತ್ತದೆ.

ಇಷ್ಟೆಲ್ಲ ಯಾಕೆಂದರೆ, ನಮ್ಮಲ್ಲಿ ಬಿಪಿ ಎನ್ನಲು ಗಡಿ 140/90. ಸುಳ್ಳು 156 ನೋಡಿ ಮಾತ್ರೆ ಏರಿಸಿದರೆ ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ತಲೆಸುತ್ತಿ ಬೀಳುತ್ತಾರೆ. ಹಿರಿಯರಿಗೂ ಸಕ್ಕರೆ ಕಾಯಿಲೆಯವರಿಗೂ ನಿಂತ 1 ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಸಿಸ್ಟಾಲಿಕ್ 20 ಅಥವಾ ಡಯಾಸ್ಟಾಲಿಕ್ (ಕೆಳಗಿನ ಅಂಕ) 10 ಇಳಿದರೆ ಡಾಕ್ಟರಿಗೆ ಹೇಳಿ.

180/120 ದಾಟಿದರೆ ಗಾಬರಿಯಲ್ಲಿ ನಾಲಿಗೆಯಡಿ ನಿಫೆಡಿಪಿನ್ (ಬಿಪಿ ಇಳಿಸುವ ಔಷಧಿ) ಇಡುವ ಹಳೇ ರೂಢಿ ಬೇಡ; ಒತ್ತಡ ದಿಢೀರ್ ಕುಸಿದು ಪಾರ್ಶ್ವವಾಯು, ಹೃದಯಾಘಾತ ಆಗಬಹುದು. ಎದೆನೋವು, ಉಸಿರುಕಟ್ಟು, ಕಣ್ಣು ಮಂಜು, ಗೊಂದಲ, ಒಂದು ಬದಿಯ ಬಲಹೀನತೆ ಇದೆಯೇ ಕೇಳಿ. ಒಂದಿದ್ದರೂ ಸರದಿ ಮುರಿದು ತಕ್ಷಣ ಒಳಗೆ ಕಳಿಸಿ. ಏನೂ ಇಲ್ಲದಿದ್ದರೆ ಕೂರಿಸಿ, ಮತ್ತೆ ನೋಡಿ, ಡಾಕ್ಟರಿಗೆ ತಿಳಿಸಿ. ಗರ್ಭಿಣಿಯರ ಲೆಕ್ಕ ಬೇರೆ: 160/110 ಬಂದು 15 ನಿಮಿಷದೊಳಗೆ ಮತ್ತೆ ನೋಡಿದಾಗಲೂ ಇಳಿಯದಿದ್ದರೆ ಲಕ್ಷಣ ಇರಲಿ ಬಿಡಲಿ, 30ರಿಂದ 60 ನಿಮಿಷದೊಳಗೆ ಔಷಧಿ ಶುರುವಾಗಬೇಕು. ಅವರನ್ನು ಎಡಮಗ್ಗುಲಿಗೆ ಮಲಗಿಸಿ ಮೇಲಿನ ಕೈಯಲ್ಲಿ ನೋಡಬೇಡಿ, ಕಡಿಮೆ ತೋರಿಸುತ್ತದೆ, ಕೂರಿಸಿಯೇ ನೋಡಿ.