ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ (ಕೇಂದ್ರ ಸರ್ಕಾರದ ಕೋರ್ಟ್‌ನ) ಜಡ್ಜ್ ಯಾರು?

ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ. 1921ರಲ್ಲಿ ನ್ಯೂ ಹೇವನ್‌ನಲ್ಲಿ ಹುಟ್ಟಿದರು. ಅಪ್ಪ ಅಡುಗೆ ಕೆಲಸದವರು, ಕಾಲೇಜಿಗೆ ದುಡ್ಡಿರಲಿಲ್ಲ. ಒಂದು ಸಭೆಯಲ್ಲಿ ಈ ಹುಡುಗಿಯ ಮಾತು ಕೇಳಿ ಊರಿನ ಶ್ರೀಮಂತರೊಬ್ಬರು ಓದಿನ ಖರ್ಚು ವಹಿಸಿಕೊಂಡರು. ಮುಂದೆ ವಕೀಲೆಯಾಗಿ ಸುಪ್ರೀಂ ಕೋರ್ಟ್‌ನಲ್ಲಿ 10 ಕೇಸ್ ವಾದಿಸಿ 9 ಗೆದ್ದರು.

1966ರಲ್ಲಿ ಅಧ್ಯಕ್ಷ ಜಾನ್ಸನ್ ಇವರನ್ನು ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್‌ಗೆ ನೇಮಿಸಿದರು. ನನಗೆ ಜಾಸ್ತಿ ಇಷ್ಟವಾಗುವುದು 1975ರ ಒಂದು ಸಂಗತಿ. ಹೆಂಗಸರಿಗೆ ಕೆಲಸದಲ್ಲಿ ಭೇದ ಮಾಡಿದ ಆರೋಪದ ಕೇಸ್ ಇವರ ಮುಂದೆ ಬಂತು. ನೀವೂ ಕಪ್ಪು ಹೆಣ್ಣು, ಪಕ್ಷಪಾತ ಆಗಬಹುದು, ಈ ಕೇಸ್ ಬಿಟ್ಟುಕೊಡಿ ಎಂದು ಆರೋಪ ಹೊತ್ತ ಪಕ್ಷ ಕೇಳಿತು. ಹೆಣ್ಣು, ಕಪ್ಪು ಅನ್ನುವುದೇ ಕಾರಣವಾದರೆ ಇಲ್ಲಿನ ಯಾವ ಜಡ್ಜೂ ಇದನ್ನು ಕೇಳುವ ಹಾಗಿಲ್ಲ, ಗಂಡಸರೂ ಒಂದು ಲಿಂಗದವರೇ ಅಲ್ವಾ! ಮೋಟ್ಲಿ ಅವರ ಉತ್ತರದ ಸಾರ ಇದು. ಕೇಸ್ ಬಿಡಲಿಲ್ಲ.

1982ರಲ್ಲಿ ಆ ನ್ಯೂಯಾರ್ಕ್ ಕೋರ್ಟ್‌ನ ಮುಖ್ಯ ನ್ಯಾಯಾಧೀಶೆಯಾದರು. 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೋರ್ಟ್‌ನಲ್ಲಿದ್ದರು.