ದಿನನಿತ್ಯದ ಕೆಲಸದಲ್ಲೇ ಒಳ್ಳೆಯ ಬದಲಾವಣೆ ತರಬಹುದಾ, ಅದಕ್ಕೆ ಕೆಲಸ ಬಿಡಬೇಕಾ?

ಬಿಡೋದು ಬೇಡ. ಇದ್ದಲ್ಲೇ ಆಗುತ್ತದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರ್‌ಗೆ ಅಂತ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ಹೊಸ ಯಂತ್ರ ಗಿಂತ್ರ ಏನಿಲ್ಲ. ಚಾಕು ಇಡುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು, ರೋಗಿ ಯಾರು, ಆಪರೇಷನ್ ಎಲ್ಲಿಗೆ ಅಂತ ಬಾಯಿಬಿಟ್ಟು ಖಚಿತ ಮಾಡಿಕೊಳ್ಳಬೇಕು, ಹೀಗೆ. ಪರೀಕ್ಷೆಗೆ ಬಳಸಿದ 8 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು. ಒಮ್ಮೆ ಹೆಸರು ಹೇಳಿಕೊಂಡ ನರ್ಸ್‌ಗೆ ಆಮೇಲೆ ತಪ್ಪು ಕಂಡರೆ ದೊಡ್ಡ ಡಾಕ್ಟರನ್ನೂ ತಡೆಯುವ ಧೈರ್ಯ ಜಾಸ್ತಿ ಬರುತ್ತದೆ, ಅಲ್ವಾ? ನೀವೂ ಹೊಸಬರು ಹೆದರದೆ ಪ್ರಶ್ನೆ ಕೇಳುವ ಹಾಗೆ ನೋಡಿಕೊಳ್ಳಿ, ಮನಸ್ಸಿಗೆ ಒಪ್ಪದ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ. ಅಕ್ಕಪಕ್ಕದವರಿಗೆ ವಾರಕ್ಕೆ ಒಂದು ಗಂಟೆ ಕೊಟ್ಟರೂ ಸಾಕು, ತಪ್ಪಿಸದೆ ಕೊಡಿ.